ಮಹಾರೋಗಕ್ಕೆ ಮದ್ದು ಬಂದ ಬಗೆ

ತೇನಿ, ಕಂಬಂ, ದಿಂಡಿಗಲ್ ಸೀಮೆಗೆ ಕನ್ನಡ ಮಾತು ಹೊಸದಲ್ಲ. ಕಪ್ಪಿಲಿಯ ಒಕ್ಕಲಿಗರು ತಲೆತಲಾಂತರದಿಂದ ಕಂಬಂ ಕಣಿವೆಯಲ್ಲಿ ಬೇಸಾಯ ಮಾಡಿಕೊಂಡು ಬಂದವರು. ಹಿಂದೆ ಇದೆಲ್ಲವೂ ಮಧುರೆ ಜಿಲ್ಲೆಗೆ ಸೇರಿತ್ತು. ಆ ಕಾಲದಲ್ಲಿ ಮನೆಮಂದಿಯನ್ನು ನಡುಗಿಸಿದ ಚರ್ಮವ್ಯಾಧಿ ಎಂದರೆ ಕುಷ್ಠ. ಕನ್ನಡದವರು ಮಹಾರೋಗ ಎಂದರು, ತಮಿಳರು ಪೆರುನೋಯ್ ಎಂದರು, ಅರ್ಥ ಒಂದೇ.

ಪೂರ್ವಜನ್ಮದ ಪಾಪವೆಂದು ತಿಳಿದು ರೋಗಿಯನ್ನು ಊರ ಹೊರಗೆ ಇರಿಸುತ್ತಿದ್ದರು. ಭಿಕ್ಷೆ ಬೇಡುವ ರೋಗಿಗಳನ್ನು ಹಿಡಿದು ಕೂಡಿಹಾಕಲು 1898ರಲ್ಲಿ ಕಾಯಿದೆಯೇ ಆಯಿತು. ಸುರುಳಿ ತೀರ್ಥದ ನೀರಿಗೆ ಔಷಧಿಗುಣ ಉಂಟೆಂಬುದು ಈ ಕಣಿವೆಯ ಜನರ ನಂಬಿಕೆ. ಆದರೆ ಕುಷ್ಠಕ್ಕೆ ವೈದ್ಯರ ಕೈಯಲ್ಲಿದ್ದುದು ಹೆಚ್ಚಾಗಿ ಒಂದೇ ಮದ್ದು, ಗರುಡಫಲದ ಎಣ್ಣೆ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಈ ಮರದ ಬೀಜಕ್ಕೆ ತಮಿಳಿನಲ್ಲಿ ನೀರಡಿಮುತ್ತು ಎನ್ನುತ್ತಾರೆ. ಸುಶ್ರುತರು ಇದನ್ನೇ ತುವರಕ ಎಂದು ಹೇಳಿದ್ದಾರೆ. ಕುಡಿದರೆ ವಾಂತಿ, ಚುಚ್ಚಿಸಿಕೊಂಡರೆ ಬಾವು. ವರ್ಷಗಟ್ಟಲೆ ಸಹಿಸಿದರೂ ಗುಣ ಕಂಡವರು ಕೆಲವರೇ.

1873ರಲ್ಲಿ ನಾರ್ವೆ ದೇಶದ ಡಾ. ಹ್ಯಾನ್ಸೆನ್ ಇದಕ್ಕೆ ಕಾರಣ ಪಾಪವಲ್ಲ, ರೋಗಾಣು ಎಂದು ಕಂಡುಹಿಡಿದರು. ಆದರೂ ಸರಿಯಾದ ಔಷಧಿಗೆ ಸುಮಾರು 70 ವರ್ಷ ಕಾಯಬೇಕಾಯಿತು. 1940ರ ದಶಕದಲ್ಲಿ ಚೆಂಗಲ್‌ಪಟ್ಟು ಬಳಿಯ ತಿರುಮಣಿಯ ಲೇಡಿ ವಿಲ್ಲಿಂಗ್ಡನ್ ಆಸ್ಪತ್ರೆಯಲ್ಲಿ ಡಾ. ರಾಬರ್ಟ್ ಕಾಕ್ರೇನ್ ಡ್ಯಾಪ್ಸೋನ್ ಔಷಧಿಯನ್ನು ಕೊಟ್ಟು ನೋಡಿದರು. ದಿಂಡಿಗಲ್ಲಿನಿಂದ ಮದ್ರಾಸಿಗೆ ಹೋಗುವ ರೈಲುದಾರಿಯಲ್ಲೇ ಚೆಂಗಲ್‌ಪಟ್ಟು ಇದೆ. ಅಗ್ಗದ ಆ ಮಾತ್ರೆಯಿಂದ ಬಡವರಿಗೂ ಗುಣವಾಗುವ ಭರವಸೆ ಮೂಡಿತು. ಕಾಲಕ್ರಮೇಣ ಒಂದೇ ಔಷಧಿಗೆ ರೋಗಾಣು ಬಗ್ಗದೆ ಹೋದಾಗ, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಕ್ರಮವನ್ನು ತಿಳಿಸಿತು. ಈಗ 6 ಅಥವಾ 12 ತಿಂಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ಉಚಿತ. ಚಿಕಿತ್ಸೆ ಆರಂಭವಾದ ಕೆಲ ದಿನಗಳಲ್ಲೇ ರೋಗಿಯಿಂದ ಇತರರಿಗೆ ಅಂಟುವ ಭಯ ಹೋಗುತ್ತದೆ.

1898ರ ಕಾಯಿದೆ 2016ರಲ್ಲಿ ರದ್ದಾಯಿತು. ಕುಷ್ಠವನ್ನು ಕಾರಣ ಮಾಡಿ ವಿವಾಹ ವಿಚ್ಛೇದನ ಕೇಳುವ ಅವಕಾಶವೂ 2019ರಲ್ಲಿ ಹೋಯಿತು. ಕಾಯಿದೆ ಹೋದರೂ ಮನಸ್ಸಿನ ಅಂಜಿಕೆ ಪೂರ್ತಿ ಹೋಗಿಲ್ಲ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೂ ನಾಚಿಕೆಯಿಂದ ಮುಚ್ಚಿಡುವವರಿದ್ದಾರೆ. ತಡಮಾಡಿದರೆ ನರಗಳು ಕೆಟ್ಟು ಕೈಕಾಲು ಊನವಾಗುತ್ತವೆ. ಆಮೇಲೆ ಮಾತ್ರೆ ರೋಗವನ್ನು ಕಳೆದೀತು, ಹೋದ ಬೆರಳನ್ನು ತಂದುಕೊಡದು.

ವೀರಪಾಂಡಿಯ ಗೌಮಾರಿಯಮ್ಮನ ಚೈತ್ರದ ಜಾತ್ರೆಯಲ್ಲಿ ಅಗ್ನಿಚಟ್ಟಿ ಹೊತ್ತು ಹರಕೆ ತೀರಿಸುವ ಭಕ್ತಾದಿಗಳು ದೇವಿಯಲ್ಲಿ ಬೇಡುವುದು ಆರೋಗ್ಯವನ್ನೇ. ಹರಕೆಯೂ ಇರಲಿ, ಮದ್ದೂ ಇರಲಿ. ಗುಣವಾಗಿ ಬಂದವರಿಗೆ ಸಾಲಿನಲ್ಲಿ ಜಾಗ ಬಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಪ್ರಸಾದ ಕೊಡುವುದೂ ಆ ತಾಯಿಯ ಸೇವೆಯೇ.