ವಿದ್ಯುಜ್ಜಾಲದಿಂದ ಗಣಕಯಂತ್ರಕ್ಕೆ: ಫಕೀರಚಂದ್ ಕೋಹ್ಲಿಯವರ ಕಾರ್ಯಜೀವನ

ಭಾರತದ ಸಾಫ್ಟ್‌ವೇರ್ ಉದ್ಯಮದ ಚರಿತ್ರೆಯನ್ನು ಬೆಂಗಳೂರಿನಿಂದ ಆರಂಭಿಸುವುದು ಕನ್ನಡಿಗರಿಗೆ ಸಹಜವೇ. ಆದರೆ ಮೂಲವನ್ನು ಅರಸುವವರು ಮೊದಲು ಮುಂಬಯಿಗೆ ಬರಬೇಕಾಗುತ್ತದೆ. ಇನ್ಫೋಸಿಸ್ ಕೂಡ 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಸಾಗಿದ ಸಂಸ್ಥೆ. ಅದಕ್ಕೂ ಹಿಂದೆ, 1968ರಲ್ಲಿ, ಮುಂಬಯಿಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸ್ಥಾಪಿತವಾಗಿತ್ತು. ಅದನ್ನು ಬೆಳೆಸಿದ ಕೋಹ್ಲಿಯವರನ್ನು ಈ ಉದ್ಯಮದ ಪಿತಾಮಹರೆಂದು ಕರೆಯುವುದು ರೂಢಿಯಾಗಿದೆ. ಈ ಬಿರುದು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ಇಲ್ಲಿ ವಿಚಾರಣೀಯ.

ಕೋಹ್ಲಿಯವರು 1924ರಲ್ಲಿ ಪೇಶಾವರದಲ್ಲಿ ಜನಿಸಿದರು. ಲಾಹೋರಿನಲ್ಲಿ ಪದವಿ ಪಡೆದು, ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಅಭ್ಯಸಿಸಿ, 1950ರಲ್ಲಿ ಅಮೇರಿಕದ ಎಂ.ಐ.ಟಿ.ಯಿಂದ ಸ್ನಾತಕೋತ್ತರ ಪದವಿ ಗಳಿಸಿದರು. ಅಷ್ಟರಲ್ಲಿ ದೇಶವಿಭಜನೆಯಾಗಿ ಹುಟ್ಟೂರು ಪರದೇಶವಾಗಿತ್ತು. 1951ರಲ್ಲಿ ಭಾರತಕ್ಕೆ ಮರಳಿದ ಅವರು ಮುಂಬಯಿಯ ಟಾಟಾ ವಿದ್ಯುತ್ ಕಂಪನಿಗಳನ್ನು ಸೇರಿದರು.

ಸಹ್ಯಾದ್ರಿಯ ಖೋಪೋಲಿ, ಭಿವಪುರಿ, ಭಿರಾ ಎಂಬಲ್ಲಿನ ಜಲವಿದ್ಯುತ್ತೂ, 1956ರಿಂದ ಟ್ರಾಂಬೆಯ ಉಷ್ಣವಿದ್ಯುತ್ತೂ ಸೇರಿ ಮಹಾನಗರವನ್ನು ಬೆಳಗುತ್ತಿದ್ದ ಕಾಲವದು. ವಿದ್ಯುಚ್ಛಕ್ತಿಯನ್ನು ಧಾನ್ಯದಂತೆ ಕಣಜದಲ್ಲಿ ಕೂಡಿಡಲು ಬಾರದು. ಬೇಡಿಕೆಯೆಷ್ಟೋ ಉತ್ಪಾದನೆಯೂ ಕ್ಷಣಕ್ಷಣಕ್ಕೆ ಅಷ್ಟೇ ಇರಬೇಕು. ಈ ಸಮತೋಲವನ್ನು ಕಾಯುವ ಕಾರ್ಯದಲ್ಲಿ ಕೋಹ್ಲಿಯವರು ನಿಪುಣರಾದರು; ಅದರ ಲೆಕ್ಕಾಚಾರವೇ ಅವರನ್ನು ಗಣಕಯಂತ್ರದ ಬಳಿಗೆ ಕರೆತಂದಿತು. ಬಿಡಿಭಾಗವನ್ನು ನೋಡದೆ ಇಡೀ ವ್ಯವಸ್ಥೆಯನ್ನು ನೋಡುವ ದೃಷ್ಟಿ ಅವರಿಗೆ ಲಭಿಸಿದುದು ಇಲ್ಲಿಯೇ ಎನ್ನಬಹುದು.

1969ರಲ್ಲಿ ಅವರು ಟಾಟಾ ಕನ್ಸಲ್ಟೆನ್ಸಿಗೆ ಬಂದದ್ದು ಅರೆಮನಸ್ಸಿನಿಂದ. ಆ ಸಂಸ್ಥೆಯನ್ನು ಆರಂಭಿಸಿದ ತರುಣರು ಬೇರೆಯೇ ಇದ್ದರು. ಆದ್ದರಿಂದ ಕೋಹ್ಲಿಯವರು ಸಂಸ್ಥಾಪಕರಲ್ಲ, ಸಂವರ್ಧಕರು. ಆರಂಭದ ಕೆಲಸಗಳಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಅಂತರ್‌ಶಾಖಾ ಲೆಕ್ಕಗಳ ತಾಳೆಯೂ ಒಂದು. ಒಂದು ಶಾಖೆ ಬರೆದುಕೊಟ್ಟ ಡ್ರಾಫ್ಟಿಗೆ ಬೇರೊಂದೂರಿನ ಶಾಖೆ ಹಣ ತೆರುತ್ತದೆ. ಒಂದೆಡೆಯ ಜಮೆ ಇನ್ನೊಂದೆಡೆಯ ಖರ್ಚಿಗೆ ಸರಿಹೊಂದುವವರೆಗೆ ಬ್ಯಾಂಕಿನ ಲೆಕ್ಕ ಮುಗಿಯದು. ಬಾಕಿಯುಳಿದ ನಮೂದುಗಳ ನಡುವೆ ತಪ್ಪು ಮಾತ್ರವಲ್ಲ, ವಂಚನೆಯೂ ಅಡಗಿರಬಲ್ಲದು. ಇಂಥ ಕೆಲಸ ಯಂತ್ರಕ್ಕೆ ಹೇಳಿ ಮಾಡಿಸಿದಂತಿತ್ತು.

ಆದರೂ ಸ್ವದೇಶದಲ್ಲಿ ಗಣಕಯಂತ್ರಕ್ಕೆ ಸ್ವಾಗತವಿರಲಿಲ್ಲ. ಕೆಲಸ ಹೋಗುವುದೆಂಬ ನೌಕರರ ಭಯ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ಬ್ಯಾಂಕುಗಳಿಗೂ ನೌಕರ ಸಂಘಗಳಿಗೂ ನಡುವೆ 1983ರಲ್ಲಿ ಒಪ್ಪಂದವಾದ ಮೇಲೆಯೇ, 1984ರ ರಂಗರಾಜನ್ ಸಮಿತಿಯ ವರದಿಯೊಡನೆ, ಶಾಖೆಗಳಲ್ಲಿ ಯಂತ್ರೀಕರಣಕ್ಕೆ ದಾರಿ ತೆರೆಯಿತು. ಇತ್ತ ಯಂತ್ರವನ್ನು ಆಮದು ಮಾಡಬೇಕಾದರೆ ವಿದೇಶೀ ವಿನಿಮಯದ ಅಭಾವ. 1974ರಲ್ಲಿ ಅಮೇರಿಕದ ಬರೋಸ್ ಸಂಸ್ಥೆಯೊಡನೆ ಸಂಬಂಧ ಬೆಳೆಸಿದ ಕೋಹ್ಲಿಯವರು, ಸಾಫ್ಟ್‌ವೇರ್ ರಫ್ತು ಮಾಡಿ ವಿನಿಮಯ ಗಳಿಸಿಕೊಡಬೇಕೆಂಬ ಸರಕಾರದ ಷರತ್ತನ್ನು ಒಪ್ಪಿಕೊಂಡರು. ನಿರ್ಬಂಧವೆಂದು ಬಂದುದೇ ಕಾಲಕ್ರಮದಲ್ಲಿ ಉದ್ಯಮದ ತಳಹದಿಯಾಯಿತು. ದಶಕದ ಕೊನೆಗೆ ಟಾಟಾ-ಬರೋಸ್ ಎಂಬ ಪ್ರತ್ಯೇಕ ಕಂಪನಿ ಏರ್ಪಟ್ಟು ಆ ವ್ಯವಹಾರ ಕೈತಪ್ಪಲು, 1979ರಲ್ಲಿ ನ್ಯೂಯಾರ್ಕಿನಲ್ಲಿ ಕಚೇರಿ ತೆರೆದು ಸಂಸ್ಥೆ ಹೊಸ ಗ್ರಾಹಕರನ್ನು ಅರಸಿತು. 1981ರಲ್ಲಿ ಪುಣೆಯಲ್ಲಿ ಸಂಶೋಧನ ಕೇಂದ್ರವೂ ತಲೆಯೆತ್ತಿತು.

1996ರಲ್ಲಿ ಕೋಹ್ಲಿಯವರು ಎಸ್. ರಾಮದೊರೈ ಅವರಿಗೆ ಮುಖ್ಯಾಧಿಕಾರವನ್ನು ಒಪ್ಪಿಸಿದರು. 2002ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು. ಉತ್ತರವಯಸ್ಸಿನಲ್ಲಿ ಅವರನ್ನು ಕಾಡಿದ ಪ್ರಶ್ನೆ ಬೇರೆ. ಇಂಗ್ಲಿಷ್ ಬಲ್ಲ ಕೆಲವರ ಏಳಿಗೆಗೆ ನೆರವಾದ ಗಣಕಯಂತ್ರ, ದೇಶಭಾಷೆಗಳನ್ನಾಡುವ ಬಹುಜನಕ್ಕೆ ಏನು ಕೊಟ್ಟಿತು? ಅಕ್ಷರಮಾಲೆಯಿಂದ ತೊಡಗದೆ ಇಡಿಯ ಪದಗಳನ್ನೇ ಗುರುತಿಸುವ ಕ್ರಮದಿಂದ, ವಯಸ್ಕರಿಗೆ ಸುಮಾರು 40 ಗಂಟೆಗಳಲ್ಲಿ ಓದು ಕಲಿಸುವ ಯೋಜನೆಯನ್ನು ಅವರು ಪ್ರೇರಿಸಿದರು. 2000ದಲ್ಲಿ ಅದು ಮೊದಲಾದುದು ತೆಲುಗಿನಲ್ಲಿ. 2020ರ ನವೆಂಬರ್ 26ರಂದು, 96ನೆಯ ವಯಸ್ಸಿನಲ್ಲಿ, ಕೋಹ್ಲಿಯವರು ನಿಧನರಾದರು.

ಪಿತಾಮಹರೆಂಬ ಬಿರುದು, ಮೊದಲಿಗರೆಂಬ ಅರ್ಥದಲ್ಲಿ ಅವರಿಗೆ ಪೂರ್ತಿಯಾಗಿ ಸಲ್ಲದು. ಪೋಷಕರೆಂಬ ಅರ್ಥದಲ್ಲಿ ನಿಸ್ಸಂದೇಹವಾಗಿ ಸಲ್ಲುತ್ತದೆ. ಅವರ ವಿಜಯವೂ ಕೊರತೆಯೂ ಒಂದೇ ಮೂಲದವು. ಹೊರನಾಡಿನ ಬೇಡಿಕೆಯಿಂದ ಬೆಳೆದ ಉದ್ಯಮವು ಹೊರನಾಡಿನ ನುಡಿಯಲ್ಲೇ ಚಿಂತಿಸಿತು. ಆ ಋಣವನ್ನು ಕೋಹ್ಲಿಯವರು ಕಂಡರು, ತೀರಿಸಲು ತೊಡಗಿದರು. ಉಳಿದುದನ್ನು ತೀರಿಸಬೇಕಾದವರು ಆಯಾ ನುಡಿಯ ವಿದ್ಯಾವಂತರೇ. ಅದರಲ್ಲಿ ಕನ್ನಡಿಗರ ಪಾಲು ಚಿಕ್ಕದಲ್ಲ.