ಹದಿನೆಂಟಕ್ಕೂ ಇಪ್ಪತ್ತೊಂದಕ್ಕೂ ನಡುವೆ

ಹದಿನೇಳು ವರ್ಷದ ಹುಡುಗನೊಬ್ಬ ಬೀದಿ ಹೊಡೆದಾಟದಲ್ಲಿ ಸಿಕ್ಕಿಬಿದ್ದರೆ ಅವನನ್ನು ಠಾಣೆಯ ಲಾಕಪ್ಪಿಗೆ ಹಾಕುವಂತಿಲ್ಲ. ಅವನ ವಿಚಾರಣೆ ನಡೆಸುವುದು ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಬಾಲನ್ಯಾಯ ಮಂಡಳಿ. ಅವನ ಹೆಸರನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ. ಪ್ರಕರಣ ಮುಗಿದ ಮೇಲೆ ನಡತೆ ಪ್ರಮಾಣಪತ್ರದ ನೆಪದಲ್ಲಿ ಪೊಲೀಸರು ಅದನ್ನು ಮತ್ತೆ ಹೊರತೆಗೆಯುವಂತೆಯೂ ಇಲ್ಲ. ಆದರೆ ಅದೇ ಹೊಡೆದಾಟದಲ್ಲಿ ಪಕ್ಕದಲ್ಲೇ ನಿಂತಿದ್ದ ಹತ್ತೊಂಬತ್ತರ ಗೆಳೆಯನಿಗೆ ಈ ಯಾವ ರಕ್ಷಣೆಯೂ ಇಲ್ಲ. ಅವನಿಗೆ ಲಾಕಪ್ಪು, ಜೈಲು, ಕಟಕಟೆ ಎಲ್ಲವೂ ನಲವತ್ತು ವರ್ಷದವನಿಗೆ ಇರುವಂತೆಯೇ.

ಒಂದು ಹುಟ್ಟುಹಬ್ಬ ತರುವ ಈ ಅಂತರ ಮೊದಲಿನಿಂದಲೂ ಹೀಗೇ ಇತ್ತೇ? ಇರಲಿಲ್ಲ. ಬಾಲ್ಯಕ್ಕೂ ಪ್ರಾಯಕ್ಕೂ ನಡುವಿನ ಈ ವಯಸ್ಸಿಗೆ ಒಂದು ಕಾಲದಲ್ಲಿ ಪ್ರತ್ಯೇಕ ಕಾಯಿದೆಯಿತ್ತು, ಪ್ರತ್ಯೇಕ ಶಾಲೆಯೂ ಇತ್ತು. ಸುರತ್ಕಲ್‌ನಂಥ ಊರಿಗೆ ಈ ಇತಿಹಾಸ ಕೇವಲ ಕುತೂಹಲದ ವಿಷಯವಲ್ಲ.

ಬದಲಾದ ಊರು

ಅರಬ್ಬಿ ಸಮುದ್ರದ ದಂಡೆಯ ಹಳ್ಳಿಯಾಗಿದ್ದ ಸುರತ್ಕಲ್ ಮೂರೂವರೆ ದಶಕಗಳಲ್ಲಿ ಗುರುತು ಸಿಗದಷ್ಟು ಬದಲಾಯಿತು. 1960ರಲ್ಲಿ ಇಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. 1974ರಲ್ಲಿ ಪಕ್ಕದ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಬಂದರಿಗಾಗಿ ಮನೆಮಠ ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆ ಕಲ್ಪಿಸಲಾಯಿತು. 1976ರಲ್ಲಿ ರಸಗೊಬ್ಬರ ಕಾರ್ಖಾನೆ, 1996ರಲ್ಲಿ ತೈಲ ಶುದ್ಧೀಕರಣಾಗಾರ ಉತ್ಪಾದನೆ ಆರಂಭಿಸಿದವು. ಕೆಲಸ ಅರಸಿ ಹೊರಗಿನವರು ಬಂದರು, ಊರಿನ ಹುಡುಗರು ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಹಳೆಯ ನೆರೆಹೊರೆ ಚದುರಿತು.

1998ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಕೋಮುಗಲಭೆ ಸುರತ್ಕಲ್ ಹೆಸರನ್ನು ರಾಜ್ಯಕ್ಕೆಲ್ಲ ಬೇರೊಂದು ಕಾರಣಕ್ಕೆ ಪರಿಚಯಿಸಿತು. 2018ರ ಜನವರಿಯಲ್ಲಿ ಕಾಟಿಪಳ್ಳದಲ್ಲಿ, 2022ರ ಜುಲೈಯಲ್ಲಿ ಸುರತ್ಕಲ್ ಪೇಟೆಯಲ್ಲಿ ಯುವಕರ ಕೊಲೆಗಳಾದವು. ಒಂದು ಮನೆಯ ಶೋಕ ಇನ್ನೊಂದು ಮನೆಯ ಶೋಕಕ್ಕೆ ಕಾರಣವಾಗುವ ಭೀತಿ ಎರಡೂ ಸಮುದಾಯಗಳನ್ನು ಕಾಡಿತು. ಪ್ರತಿ ಬಾರಿಯೂ ನಿಷೇಧಾಜ್ಞೆ, ಗಡಿಪಾರು, ರೌಡಿಗಳ ಪರೇಡು ನಡೆದವು. ಮಂಗಳೂರಿಗೆ 2010ರಲ್ಲಿ ಪೊಲೀಸ್ ಕಮಿಷನರೇಟ್ ಬಂದಿತ್ತು. 2025ರಲ್ಲಿ ಕೋಮು ಹಿಂಸೆ ತಡೆಯಲೆಂದೇ ವಿಶೇಷ ಕಾರ್ಯಪಡೆಯೂ ರಚನೆಯಾಯಿತು. ಆ ಹೊತ್ತಿನ ಉರಿ ಆರಿಸಲು ಇವು ಬೇಕು ನಿಜ. ಆದರೆ ಮೊದಲ ಸಲ ಕಲ್ಲೆತ್ತಿದ ಹುಡುಗನನ್ನು ಏನು ಮಾಡಬೇಕೆಂಬ ಪ್ರಶ್ನೆ ಇದಕ್ಕಿಂತ ಬಹಳ ಹಳೆಯದು.

ಮದರಾಸಿನ ಕಾಯಿದೆ

1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಆದ್ದರಿಂದ ಸುರತ್ಕಲ್‌ನ ಹುಡುಗನ ಭವಿಷ್ಯ ನಿರ್ಧಾರವಾಗುತ್ತಿದ್ದುದು ಮೈಸೂರಿನ ಕಾಯಿದೆಯಿಂದಲ್ಲ, ಮದರಾಸಿನ ಕಾಯಿದೆಯಿಂದ. ಬ್ರಿಟಿಷ್ ಭಾರತಕ್ಕೆ ಅನ್ವಯಿಸಿದ 1897ರ ಸುಧಾರಣಾ ಶಾಲೆಗಳ ಕಾಯಿದೆಯ ಪ್ರಕಾರ 15 ವರ್ಷದೊಳಗಿನ ಅಪರಾಧಿ ಬಾಲಕರನ್ನು ಜೈಲಿನ ಬದಲು ಮೂರರಿಂದ ಏಳು ವರ್ಷ ಸುಧಾರಣಾ ಶಾಲೆಯಲ್ಲಿ ಇಡಬಹುದಿತ್ತು. ಪ್ರಾಂತ್ಯದ ಅಂಥ ಶಾಲೆ ಇದ್ದದ್ದು ಪೂರ್ವ ಕರಾವಳಿಯ ಬದಿಯ ಚೆಂಗಲ್‌ಪಟ್ಟಿನಲ್ಲಿ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ತುಳು, ಬ್ಯಾರಿ, ಕೊಂಕಣಿ ಮಾತಾಡುವ ಹುಡುಗನಿಗೆ ಆ ತಮಿಳು ಊರು ಎಷ್ಟು ದೂರವೆಂಬುದನ್ನು ಓದುಗರೇ ಊಹಿಸಬಹುದು.

1920ರಲ್ಲಿ ಮದರಾಸು ಮಕ್ಕಳ ಕಾಯಿದೆ ಬಂತು. ದೇಶದಲ್ಲಿ ಇಂಥ ಕಾಯಿದೆ ಇದೇ ಮೊದಲನೆಯದು. ಬಂಗಾಳ 1922ರಲ್ಲಿ, ಮುಂಬಯಿ 1924ರಲ್ಲಿ ಇದನ್ನು ಅನುಸರಿಸಿದವು. ಮಕ್ಕಳಿಗೆ ಬೇರೆಯೇ ನ್ಯಾಯಾಲಯ ಬೇಕು, ಶಿಕ್ಷೆಗಿಂತ ಶಾಲೆ ಮೇಲು ಎಂಬ ತತ್ವ ಅಲ್ಲಿಂದ ಬೇರೂರಿತು.

ಬಾರ್ಸ್ಟಲ್ ಎಂಬ ನಡುಮನೆ

ಹಾಗಾದರೆ ಹದಿನಾರು ದಾಟಿದವರ ಗತಿಯೇನು? ಇಂಗ್ಲೆಂಡಿನ ಕಾರಾಗೃಹ ಆಡಳಿತಾಧಿಕಾರಿ ಎವೆಲಿನ್ ರಗಲ್ಸ್ ಬ್ರೈಸ್ ಈ ಪ್ರಶ್ನೆಗೆ ಉತ್ತರ ಹುಡುಕಿದರು. ಕೆಂಟ್ ಪ್ರಾಂತ್ಯದ ಬಾರ್ಸ್ಟಲ್ ಎಂಬ ಹಳ್ಳಿಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ನಡೆದ ಪ್ರಯೋಗದಲ್ಲಿ ಹದಿಹರೆಯದ ಕೈದಿಗಳನ್ನು ಹಳೆಯ ಕೈದಿಗಳಿಂದ ಬೇರ್ಪಡಿಸಿ ವಿದ್ಯೆ, ಕಸುಬು, ಶಿಸ್ತು ಕಲಿಸಲಾಯಿತು. ಹಳ್ಳಿಯ ಹೆಸರೇ ಪದ್ಧತಿಯ ಹೆಸರಾಯಿತು.

ಮದರಾಸಿನಲ್ಲಿ 1926ರಲ್ಲಿ ಜಾರಿಗೆ ಬಂದ ಬಾರ್ಸ್ಟಲ್ ಶಾಲೆಗಳ ಕಾಯಿದೆ 16ರಿಂದ 21 ವರ್ಷದವರಿಗೆ ಮೀಸಲಾಗಿತ್ತು. ಶಾಲೆ ತಂಜಾವೂರಿನಲ್ಲಿತ್ತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲೂ ಇಂಥದೊಂದು ಶಾಲೆ ನಡೆಯಿತು. ಏಕೀಕರಣದ ಬಳಿಕ ರಾಜ್ಯ ತನ್ನದೇ ಬಾರ್ಸ್ಟಲ್ ಕಾಯಿದೆಯನ್ನು 1963ರಲ್ಲಿ, ಮಕ್ಕಳ ಕಾಯಿದೆಯನ್ನು 1964ರಲ್ಲಿ ಮಾಡಿಕೊಂಡಿತು.

ಈ ಶಾಲೆಗಳು ಸ್ವರ್ಗವಾಗಿದ್ದವೆಂದು ಭಾವಿಸಬೇಕಾಗಿಲ್ಲ. ಹೊರಬಂದವರು ಮತ್ತೆ ಅಪರಾಧಕ್ಕಿಳಿಯುವುದು ಹೆಚ್ಚಿದ್ದರಿಂದ ಇಂಗ್ಲೆಂಡೇ 1982ರಲ್ಲಿ ಬಾರ್ಸ್ಟಲ್ ಪದ್ಧತಿಯನ್ನು ರದ್ದುಪಡಿಸಿತು. ಆದರೂ ಅದರ ಹಿಂದಿದ್ದ ತಿಳಿವಳಿಕೆ ಸುಳ್ಳಾಗಲಿಲ್ಲ. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ 1831ರಲ್ಲೇ ಅಂಕಿಅಂಶಗಳನ್ನು ಹರಡಿ ತೋರಿಸಿದ್ದಂತೆ, ಅಪರಾಧದ ಪ್ರವೃತ್ತಿ ಹದಿಹರೆಯದಿಂದ ಏರುತ್ತಾ ಇಪ್ಪತ್ತೈದರ ಆಸುಪಾಸಿನಲ್ಲಿ ತುದಿ ಮುಟ್ಟಿ ಅನಂತರ ಇಳಿಯುತ್ತದೆ. ಆ ಕೆಲವು ವರ್ಷಗಳನ್ನು ದಾಟಿಸಿದರೆ ಬಹುಪಾಲು ಹುಡುಗರು ದಡ ಸೇರುತ್ತಾರೆ.

ಹದಿನೆಂಟರ ಗೆರೆ

1986ರ ಬಾಲನ್ಯಾಯ ಕಾಯಿದೆ ದೇಶಕ್ಕೆಲ್ಲ ಒಂದೇ ನಿಯಮ ತಂದಿತು. ಅದರಲ್ಲಿ ಬಾಲಕರ ಮಿತಿ 16, ಬಾಲಕಿಯರದು 18. ಮಕ್ಕಳ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿದ ಮೇಲೆ 2000ದ ಕಾಯಿದೆ ಇಬ್ಬರಿಗೂ 18 ಎಂದಿತು. 2012ರ ದೆಹಲಿ ಅತ್ಯಾಚಾರ ಪ್ರಕರಣದ ನಂತರದ ಆಕ್ರೋಶದಲ್ಲಿ 2015ರ ಕಾಯಿದೆ ರೂಪುಗೊಂಡು, 16ರಿಂದ 18ರವರು ಘೋರ ಅಪರಾಧ ಎಸಗಿದ ಆರೋಪವಿದ್ದರೆ ವಯಸ್ಕರಂತೆ ವಿಚಾರಣೆಗೊಳಪಡಿಸಲು ದಾರಿ ತೆರೆಯಿತು. ಮೂವತ್ತು ವರ್ಷಗಳ ಚರ್ಚೆಯೆಲ್ಲ ಹದಿನೆಂಟರ ಕೆಳಗೇ ನಡೆಯಿತು. ಹದಿನೆಂಟರ ಮೇಲಿನವರು ಮರೆತೇಹೋದರು.

ಅವರಿಗೆ ಉಳಿದಿರುವುದು ಒಂದೇ ಹಳೆಯ ಆಸರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ಜೀವಾವಧಿ ಶಿಕ್ಷೆಗೆ ಅವಕಾಶವಿರುವ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ 21 ವರ್ಷದೊಳಗಿನವನನ್ನು, ವಿಶೇಷ ಕಾರಣವನ್ನು ಬರೆದು ದಾಖಲಿಸದ ಹೊರತು, ಜೈಲಿಗೆ ಕಳುಹಿಸಬಾರದೆಂದು ಅದರ ಆರನೆಯ ಕಲಮು ಹೇಳುತ್ತದೆ. ನ್ಯಾಯಾಲಯ ಪರಿವೀಕ್ಷಣಾಧಿಕಾರಿಯಿಂದ ಹುಡುಗನ ಮನೆ, ನಡತೆಗಳ ವರದಿ ತರಿಸಿಕೊಳ್ಳಬೇಕು. ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆಯಾದವನಿಗೆ ಶಿಕ್ಷೆಗೊಳಗಾದವನ ಅನರ್ಹತೆ ತಟ್ಟದು.

ಆದರೆ ಇಲ್ಲೊಂದು ತೊಡಕಿದೆ. ಈ ವಯಸ್ಸನ್ನು ಎಣಿಸಬೇಕಾದುದು ಅಪರಾಧ ನಡೆದ ದಿನಕ್ಕಲ್ಲ, ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಮಾನಿಸುವ ದಿನಕ್ಕೆ ಎಂದು 1960ರ ದಶಕದ ಆರಂಭದಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಬಾಲನ್ಯಾಯದಲ್ಲಿ ಲೆಕ್ಕ ಇದಕ್ಕೆ ತಿರುಗಮುರುಗ. ಅಲ್ಲಿ ಅಪರಾಧದ ದಿನದ ವಯಸ್ಸೇ ಮುಖ್ಯ. ಪರಿಣಾಮವೆಂದರೆ, ಹತ್ತೊಂಬತ್ತರಲ್ಲಿ ತಪ್ಪು ಮಾಡಿದವನ ಮೊಕದ್ದಮೆ ಐದು ವರ್ಷ ಎಳೆದರೆ ತೀರ್ಪಿನ ಹೊತ್ತಿಗೆ ಅವನಿಗೆ ಇಪ್ಪತ್ನಾಲ್ಕು. ಆರನೆಯ ಕಲಮಿನ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಬಳಿಕ ಉಳಿಯುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟ ಸಾಮಾನ್ಯ ಕಲಮುಗಳು ಮಾತ್ರ.

ಪಾಸ್‌ಪೋರ್ಟಿನ ಪ್ರಶ್ನೆ

ಕರಾವಳಿಯಲ್ಲಿ ಇದರ ಪೆಟ್ಟು ಬೀಳುವುದು ಹೊಟ್ಟೆಪಾಡಿನ ಮೇಲೆ. ಕ್ರಿಮಿನಲ್ ಮೊಕದ್ದಮೆ ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಪಾಸ್‌ಪೋರ್ಟ್ ಕಾಯಿದೆಯಲ್ಲಿ ಅವಕಾಶವಿದೆ. ಕೊಲ್ಲಿಯ ಕೆಲಸಕ್ಕೆ ಹೊರಟವನಿಂದ ಪೊಲೀಸ್ ನಿರಾಕ್ಷೇಪಣಾ ಪತ್ರ ಕೇಳುವುದೂ ಉಂಟು. ರೌಡಿ ಪಟ್ಟಿಗೆ ಸೇರಲು ಶಿಕ್ಷೆಯಾಗಿರಲೇಬೇಕೆಂದೇನೂ ಇಲ್ಲ. ದುಬೈಗೆ ಹೋಗಲಾಗದೆ, ಕಾರ್ಖಾನೆಯಲ್ಲೂ ಕೆಲಸ ಸಿಗದೆ ಊರಲ್ಲೇ ಉಳಿದ ಹುಡುಗನನ್ನು ಕೈಬೀಸಿ ಕರೆಯುವವರು ಯಾರೆಂಬುದು ಊರಿಗೇ ಗೊತ್ತು. ಅವನ ಜಾಮೀನಿಗೆ, ವಕೀಲರ ಖರ್ಚಿಗೆ ಮುಂದೆ ಬರುವವರೂ ಅವರೇ ಆದರೆ ಅವನು ಆ ಋಣದಿಂದ ಹೊರಬರುವುದು ಕಷ್ಟ.

ತಡೆಯುವ ದಾರಿಗಳಿಲ್ಲದಿಲ್ಲ. ತಲಪಾಡಿಯ ಆಚೆ, ಕೇರಳದಲ್ಲಿ 2008ರಲ್ಲಿ ಜನಮೈತ್ರಿ ಹೆಸರಿನ ಬೀಟ್ ಪೊಲೀಸ್ ಯೋಜನೆ, 2010ರಲ್ಲಿ ಶಾಲಾ ಮಕ್ಕಳ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ ಆರಂಭವಾದವು; ಎರಡನೆಯದು 2018ರಲ್ಲಿ ರಾಷ್ಟ್ರವ್ಯಾಪಿಯಾಯಿತು. ಆದರೆ ಕೆಡೆಟ್ ಯೋಜನೆ ಶಾಲೆ ಬಿಟ್ಟವನನ್ನು ಮುಟ್ಟದು. ಅವನನ್ನು ಮುಟ್ಟಬಲ್ಲವು ಊರಿನ ಯುವಕ ಮಂಡಲ, ಕಬಡ್ಡಿ ತಂಡ, ಭಜನಾ ಮಂದಿರ, ಮಸೀದಿ, ಇಗರ್ಜಿಗಳ ಹಿರಿಯರು. ಪರಿವೀಕ್ಷಣಾಧಿಕಾರಿಯ ವರದಿಗೆ ಮಾಹಿತಿ ಸಿಗಬೇಕಾದುದೂ, ಮುಚ್ಚಳಿಕೆಗೆ ಜಾಮೀನುದಾರರು ಸಿಗಬೇಕಾದುದೂ ಇವರ ನಡುವಿನಿಂದಲೇ.

1926ರಲ್ಲಿ ಮದರಾಸು ಸರ್ಕಾರ ಒಪ್ಪಿಕೊಂಡಿದ್ದ ಸತ್ಯ ಸರಳವಾಗಿತ್ತು: ಹತ್ತೊಂಬತ್ತರವನು ಮಗುವಲ್ಲ, ಪಳಗಿದ ಪಾತಕಿಯೂ ಅಲ್ಲ. ತಂಜಾವೂರಿನ ಶಾಲೆಯನ್ನು ಮತ್ತೆ ಕಟ್ಟಬೇಕಾಗಿಲ್ಲ. ಇಪ್ಪತ್ತೊಂದರೊಳಗಿನವರ ಸಣ್ಣ ಪ್ರಕರಣಗಳನ್ನು ಅವರಿಗೆ ಇಪ್ಪತ್ತೊಂದು ತುಂಬುವ ಮೊದಲೇ ತೀರ್ಮಾನಿಸಿದರೆ, 1958ರ ಕಾಯಿದೆಯ ಆರನೆಯ ಕಲಮು ಉದ್ದೇಶಿಸಿದ ಹುಡುಗರಿಗೆ ಅದು ಸಿಕ್ಕೀತು.