ಬೇಚಿರಾಕ್ ಗ್ರಾಮಗಳು ಮತ್ತು ಹಳೆಯ ಸ್ಥಳಾಕೃತಿ ನಕ್ಷೆಗಳ ಸಾಕ್ಷ್ಯ: ಒಂದು ಮರುಪರಿಶೀಲನೆ

ಸರ್ವೆ ಆಫ್ ಇಂಡಿಯಾದ ಒಂದಿಂಚಿಗೆ ಒಂದು ಮೈಲಿ ಅಳತೆಯ ಹಳೆಯ ಸ್ಥಳಾಕೃತಿ ನಕ್ಷೆಗಳಲ್ಲಿ, ಅಂದರೆ ರೂಢಿಯಲ್ಲಿ ಟೋಪೋಶೀಟ್ ಎನಿಸಿಕೊಂಡಿರುವ ಹಾಳೆಗಳಲ್ಲಿ, ಹೆಸರಿದ್ದೂ ಮನೆಗಳ ಗುರುತಿಲ್ಲದ ಜಾಗವೊಂದು ಕಂಡು, ಅದೇ ಹೆಸರು ಕಂದಾಯ ದಾಖಲೆಯಲ್ಲಿ ಬೇಚಿರಾಕ್ (ಜನವಸತಿಯಿಲ್ಲದ ಗ್ರಾಮ) ಎಂದು ನಮೂದಾಗಿದ್ದರೆ, ಆ ಊರು 1876–78ರ ಬರಗಾಲದಲ್ಲೋ 1898ರಲ್ಲಿ ಮೈಸೂರು ಸೀಮೆಗೆ ಕಾಲಿಟ್ಟ ಪ್ಲೇಗಿನಲ್ಲೋ ಹಾಳಾಯಿತೆಂದು ಬರೆದು ಮುಗಿಸುವುದು ಸ್ಥಳೀಯ ಚರಿತ್ರೆಯ ಬರಹಗಳಲ್ಲಿ ವಾಡಿಕೆಯಾಗಿದೆ. ಈ ತೀರ್ಮಾನವನ್ನು ಒಬ್ಬರಿಂದ ಒಬ್ಬರು ಎತ್ತಿಕೊಂಡು ಬಂದಿದ್ದಾರೆಯೇ ಹೊರತು, ನಕ್ಷೆ ನಿಜವಾಗಿ ಏನನ್ನು ಹೇಳುತ್ತದೆ ಎಂದು ವಿಚಾರಿಸಿದವರು ವಿರಳ.

ಇಲ್ಲಿನ ಮೂಲ ದೋಷವೆಂದರೆ ಎರಡು ಬೇರೆ ಅಳತೆಗಳನ್ನು ಒಂದೇ ಎಂದು ಭಾವಿಸಿರುವುದು. ಸ್ಥಳಾಕೃತಿ ನಕ್ಷೆಯವನು ಅಳತೆಯ ದಿನ ನೆಲದ ಮೇಲೆ ಕಂಡ ಮನೆ, ಕೆರೆ, ಗುಡಿ, ಗಾಡಿ ಜಾಡುಗಳನ್ನು ಗುರುತಿಸಿದನು; 1863ರಲ್ಲಿ ಆರಂಭವಾದ ಮೈಸೂರಿನ ಕಂದಾಯ ಸರ್ವೆಗಾದರೋ ಗ್ರಾಮವೆಂದರೆ ಎಲ್ಲೆಕಲ್ಲುಗಳ ನಡುವಿನ, ತೆರಿಗೆ ಕಟ್ಟುವ ಭೂಮಿಯ ಘಟಕ, ಅದರೊಳಗೆ ಒಲೆ ಉರಿಯಲಿ ಬಿಡಲಿ ಅದರ ಗ್ರಾಮತ್ವಕ್ಕೆ ಕುಂದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ 29,340 ಗ್ರಾಮಗಳ ಪೈಕಿ 1,943 ಜನವಸತಿಯಿಲ್ಲದವು. ಅವುಗಳಲ್ಲಿ ಅರಣ್ಯವೂ ಇದೆ, ಚಿತ್ರದುರ್ಗ, ಹಾಸನ, ತುಮಕೂರು ಜಿಲ್ಲೆಗಳ ಅಮೃತಮಹಲ್ ಕಾವಲುಗಳೂ ಇವೆ. ಅರಮನೆಯ ದನಗಳ ಮೇವಿಗೆಂದು ಮೀಸಲಿಟ್ಟ ಕಾವಲು ಊರೇ ಆಗಿರದಿದ್ದ ಮೇಲೆ ಪ್ಲೇಗಿನಲ್ಲಿ ಹಾಳಾಗುವುದೆಂತು?

ಕಾವಲುಗಳನ್ನು ತೆಗೆದಿಟ್ಟ ಮೇಲೂ ಉಳಿಯುವ ಹೆಸರುಗಳ ವಿಷಯದಲ್ಲಿಯೇ ನಿಜವಾದ ವಿವಾದವಿರುವುದು. ಬರಿ ಬಯಲಿನಲ್ಲಿ ನಾಲ್ಕಾರು ಗಾಡಿ ಜಾಡುಗಳು ಬಂದು ಕೂಡುವುದನ್ನು, ಪಕ್ಕದಲ್ಲಿ ಕೆರೆಯೂ ಒಂಟಿ ಗುಡಿಯೂ ಇರುವುದನ್ನು ಹಾಳೂರಿನ ಖಚಿತ ಲಕ್ಷಣವೆಂದು ಹೇಳಲಾಗಿದೆ. ಆದರೆ ವರ್ಷಕ್ಕೊಮ್ಮೆ ಜಾತ್ರೆ ನಡೆಯುವ ಗುಡಿಗೂ ಜಾಡುಗಳು ಬಂದು ಕೂಡುತ್ತವೆ, ಸಂತೆಮಾಳಕ್ಕೂ ಕೂಡುತ್ತವೆ, ಕೆರೆಯ ತೂಬಿನ ಕೆಳಗಿನ ಗದ್ದೆಗಳಿಗೂ ಕೂಡುತ್ತವೆ. ಆದುದರಿಂದ ಜಾಡು ಅನುಮಾನವನ್ನು ಹುಟ್ಟಿಸಬಲ್ಲದು, ನಿರ್ಣಯವನ್ನು ಕೊಡಲಾರದು. ನಿರ್ಣಯಕ್ಕೆ ಬೇಕಾದುದು ಗ್ರಾಮಠಾಣ, ಎಂದರೆ ಮನೆ ಕಟ್ಟಿಕೊಳ್ಳಲು ಬಿಟ್ಟ, ಸಾಗುವಳಿಗೆ ಸೇರದ ನೆಲ. ಕಂದಾಯ ಗ್ರಾಮ ನಕ್ಷೆಯಲ್ಲಿ ಗ್ರಾಮಠಾಣದ ಗುರುತಿದ್ದು, ಅದನ್ನು ಟೋಪೋಶೀಟಿನ ಮೇಲೆ ಹೊಂದಿಸಿದಾಗ ಜಾಡುಗಳು ಕೂಡುವ ಬಿಂದುವಿನ ಮೇಲೆಯೇ ಬಿದ್ದರೆ, ಅಲ್ಲಿ ಒಮ್ಮೆ ಜನ ಬಾಳಿದ್ದರೆಂದು ಧೈರ್ಯವಾಗಿ ಹೇಳಬಹುದು. ತಾಲ್ಲೂಕು ಕಚೇರಿಯಲ್ಲಿ ದೊರೆಯುವ ಈ ನಕ್ಷೆಯನ್ನು ಭೂವ್ಯಾಜ್ಯದ ಕಾಗದವೆಂದು ಬದಿಗಿಟ್ಟ ಚರಿತ್ರಕಾರರು, ತಮ್ಮ ಅತ್ಯುತ್ತಮ ಆಕರವನ್ನು ತಾವೇ ಕೈಬಿಟ್ಟರೆನ್ನದೆ ವಿಧಿಯಿಲ್ಲ.

ಬಾಳಿದ್ದರು ಎಂಬುದು ಸಿದ್ಧವಾದರೂ ಅಳಿದರು ಎಂಬುದು ಸಿದ್ಧವಾಗದು. ಕಾರಣವೂ ಕಾಲವೂ ನಿಸ್ಸಂದೇಹವಾಗಿ ತಿಳಿದಿರುವ ಕನ್ನಂಬಾಡಿಯನ್ನು ಈ ಮಾತಿಗೆ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ, ಹಳೆಯ ಕನ್ನಂಬಾಡಿ ನೀರಿನಡಿ ಸೇರಿತು. ಹೆಸರು ಹೊಸ ಕನ್ನಂಬಾಡಿಗೆ ಹೋಯಿತು, ಬಹುಕಾಲ ಮುಳುಗಿದ್ದ ವೇಣುಗೋಪಾಲಸ್ವಾಮಿಯ ದೇವಾಲಯವೂ ಇತ್ತೀಚೆಗೆ ಅಲ್ಲಿಯೇ ಮರಳಿ ಎದ್ದಿತು. ಕಟ್ಟೆಗೆ ಮುಂಚಿನ ಮತ್ತು ನಂತರದ ಎರಡು ಹಾಳೆಗಳಷ್ಟೇ ಉಳಿದು ಬೇರೆಲ್ಲ ದಾಖಲೆ ಕಳೆದಿದ್ದರೆ, ಮೇಲಿನ ವಾಡಿಕೆಯವರು ಒಂದು ಊರು ನಾಶವಾಯಿತೆಂದೂ ಇನ್ನೊಂದು ಹೊಸದಾಗಿ ಹುಟ್ಟಿತೆಂದೂ ಬರೆಯುತ್ತಿದ್ದರು. ನಡೆದದ್ದು ಸ್ಥಳಾಂತರ. ಪ್ಲೇಗಿನ ಕಾಲದಲ್ಲಿಯೂ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ರೋಗ ಇಳಿದ ಮೇಲೆ ಹಿಂದಿರುಗಿದ್ದುಂಟು, ಹಿಂದಿರುಗದೆ ಹತ್ತಿರದಲ್ಲೇ ನೆಲೆ ನಿಂತದ್ದೂ ಉಂಟು. ಬೇಚಿರಾಕ್ ಗ್ರಾಮದ ದೇವರಿಗೆ ನೆರೆಯೂರಿನ ಒಕ್ಕಲುಗಳು ಇಂದಿಗೂ ನಡೆದುಕೊಳ್ಳುವಲ್ಲಿ, ಆ ಒಕ್ಕಲುಗಳ ಮೂಲವನ್ನು ಕೇಳದೆ ನಾಶದ ಮಾತನ್ನಾಡುವುದು ಅವಸರ.

ಕಾಲನಿರ್ಣಯಕ್ಕೆ ಹಾಳೆಯ ಅಂಚಿನ ಬರಹವನ್ನು ಓದಬೇಕು. ಮುದ್ರಣದ ವರ್ಷ ಬೇರೆ, ಅಳತೆಯ ವರ್ಷ ಬೇರೆ. ರಸ್ತೆಗಳನ್ನಷ್ಟೇ ತಿದ್ದಿ ಮರುಮುದ್ರಿಸಿದ ಹಾಳೆಯಲ್ಲಿ ಮನೆಗಳು ಹಳೆಯ ಅಳತೆಯವೇ ಆಗಿರಬಹುದು. 1898ಕ್ಕಿಂತ ಮುಂಚೆ ಅಳೆದ ಹಾಳೆಯಲ್ಲೇ ಗ್ರಾಮಠಾಣ ಬರಿದಾಗಿದ್ದರೆ ಪ್ಲೇಗಿನ ವಾದ ಅಲ್ಲಿಗೇ ಬೀಳುತ್ತದೆ. ಬರಗಾಲದ ವಾದವನ್ನು ಪರೀಕ್ಷಿಸಲು ಇನ್ನೂ ಹಿಂದಿನ ಆಕರವಿದೆ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರನ್ನು ಅಳೆದ ಕಾಲಿನ್ ಮೆಕೆಂಜಿಯ ನಕ್ಷೆಗಳು, ಮತ್ತು ಅವನ ಸಹಾಯಕರು ಊರೂರಿನಿಂದ ಬರೆಸಿ ತಂದ ಕೈಫಿಯತ್ತುಗಳು. ಎಂ. ಎಂ. ಕಲಬುರ್ಗಿಯವರು 1994ರಲ್ಲಿ ಸಂಪಾದಿಸಿ ಕೊಟ್ಟ ‘ಕರ್ನಾಟಕದ ಕೈಫಿಯತ್ತುಗಳು’ ಅರಸು ಮನೆತನಗಳ ವಂಶಾವಳಿಗಾಗಿ ಮಾತ್ರ ಬಳಕೆಯಾಗುತ್ತಿರುವುದು ಆ ಮಹಾಕಾರ್ಯಕ್ಕೆ ಸಲ್ಲುವ ಗೌರವವಲ್ಲ. ಬರಗಾಲಕ್ಕೆ ಆರು ದಶಕಗಳಿಗೂ ಹಿಂದೆ ಸಂಗ್ರಹವಾದ ಈ ಬರಹಗಳಲ್ಲಿ ಒಂದು ಊರು ಪಾಳು ಬಿದ್ದ ಸಂಗತಿ ಆಗಲೇ ದಾಖಲಾಗಿದ್ದರೆ, ಟೋಪೋಶೀಟಿನ ಬರಿದು ಜಾಗಕ್ಕೆ 1876ರ ಹೆಸರಿಡಲು ಆಧಾರವೇ ಇಲ್ಲ.